ಗಿಟಾರ್ ಹಿಡಿದು ಗಡಿ ದಾಟುವವರಿಗೆ ಹದಿಮೂರು ಸೂತ್ರ

ಕಲಬುರಗಿ ಜಿಲ್ಲೆಯ ಗುಂಡಗುರ್ತಿಯ ಸುತ್ತಮುತ್ತ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಅಂತ ಯಾವ ಕಡೆ ಹೋದರೂ ಈಗ ಗಿಟಾರ್ ಹಿಡಿದ ಹುಡುಗ ಹುಡುಗಿಯರು ಸಿಗುತ್ತಾರೆ. ಫೋನ್ ನೋಡಿ ನಾಲ್ಕು ಕಾರ್ಡ್ ಕಲಿತಿರುತ್ತಾರೆ, ಕಾಲೇಜ್ ಗ್ಯಾದರಿಂಗ್‌ನಲ್ಲಿ ಎರಡು ಸಿನಿಮಾ ಹಾಡು ನುಡಿಸಿ ಚಪ್ಪಾಳೆ ಗಿಟ್ಟಿಸಿರುತ್ತಾರೆ. ಮನೆಯಲ್ಲಿ ಮಾತ್ರ ಒಂದೇ ಪ್ರಶ್ನೆ: “ಇದರಾಗ ಹೊಟ್ಟಿ ತುಂಬ್ತದೇನು?” ಹೊರದೇಶದಲ್ಲಿ ಜಾಝ್ ನುಡಿಸುತ್ತೇನೆ, ಸ್ವಂತ ಸಂಗೀತ ಕಟ್ಟುತ್ತೇನೆ ಎಂದರಂತೂ ಆ ಪ್ರಶ್ನೆಯ ದನಿ ಇನ್ನಷ್ಟು ಏರುತ್ತದೆ.

ತುಂಬುತ್ತದೆ. ಆದರೆ ದಾರಿ ಉದ್ದ, ಮತ್ತು ಆ ದಾರಿಯಲ್ಲಿ ಈಗಾಗಲೇ ನಡೆದವರಿದ್ದಾರೆ. ರುದ್ರೇಶ್ ಮಹಾಂತಪ್ಪ ಅವರಲ್ಲೊಬ್ಬರು. ಕರ್ನಾಟಕದಿಂದ ಹೋಗಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಭೌತವಿಜ್ಞಾನಿ ಕೆ.ಟಿ. ಮಹಾಂತಪ್ಪ ಅವರ ಮಗ. ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ, ಬೆಳೆದದ್ದು ಕೊಲರಾಡೊದ ಬೋಲ್ಡರ್‌ನಲ್ಲಿ. ಇಂದು ಜಾಝ್ ಲೋಕದ ಮೊದಲ ಸಾಲಿನ ಆಲ್ಟೊ ಸ್ಯಾಕ್ಸೋಫೋನ್ ವಾದಕ, ಸಂಯೋಜಕ. ಅವರ ಪಕ್ಕದಲ್ಲಿ ಹಲವು ವರ್ಷ ಗಿಟಾರ್ ನುಡಿಸಿದವರು ರೆಜ್ ಅಬ್ಬಾಸಿ: ಕರಾಚಿಯಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಬೆಳೆದು, ನ್ಯೂಯಾರ್ಕ್‌ನಲ್ಲಿ ನೆಲೆ ಕಂಡ ಗಿಟಾರ್ ವಾದಕ, ಸಂಯೋಜಕ. ಈ ಇಬ್ಬರ ಹೆಜ್ಜೆ ನೋಡಿದರೆ ನಮ್ಮ ಕಡೆಯ ಮಕ್ಕಳಿಗೆ ಬೇಕಾದ ಪಾಠ ಬಹಳಷ್ಟು ಸಿಗುತ್ತದೆ.

1. ಮೊದಲು ಕಿವಿ, ಆಮೇಲೆ ಕೈ

ದಿನಕ್ಕೆ ಒಂದೇ ಹಾಡು ಕೇಳಿ, ಆದರೆ ಹತ್ತು ಸಲ ಕೇಳಿ. ಗಿಟಾರ್‌ಗೆ ಚಾರ್ಲಿ ಕ್ರಿಶ್ಚಿಯನ್, ಜಾಂಗೊ ರೈನ್‌ಹಾರ್ಟ್, ವೆಸ್ ಮಾಂಟ್ಗೊಮರಿ ಈ ಮೂವರಿಂದ ಶುರು ಮಾಡಿ. ಜಾಂಗೊ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡರೂ ಉಳಿದ ಬೆರಳುಗಳಲ್ಲೇ ತನ್ನದೊಂದು ಶೈಲಿ ಕಟ್ಟಿದವನು. ಕೇಳಿದ್ದನ್ನು ಮೊದಲು ಬಾಯಲ್ಲಿ ಗುನುಗಿ. ಬಾಯಿಗೆ ಬಾರದ ಸಾಲನ್ನು ಬೆರಳಿಗೆ ಹೇರಬೇಡಿ.

2. ಪಾಳಿ ಕೆಲಸ ಇದ್ದರೆ ಇರಲಿ, ಬಿಡಬೇಡಿ

ವೆಸ್ ಮಾಂಟ್ಗೊಮರಿಯ ಕತೆ ವಾಡಿ, ಶಹಾಬಾದ್‌ನ ಸಿಮೆಂಟ್ ಕಾರ್ಖಾನೆಗಳ ಮನೆಗಳಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಇಂಡಿಯಾನಾಪೊಲಿಸ್ ಊರಿನ ಸಂಸಾರಸ್ಥ. ಹಗಲು ಕಾರ್ಖಾನೆಯಲ್ಲಿ ದುಡಿತ, ರಾತ್ರಿ ಕ್ಲಬ್‌ಗಳಲ್ಲಿ ವಾದನ. ಚಾರ್ಲಿ ಕ್ರಿಶ್ಚಿಯನ್‌ನ ಸೋಲೋಗಳನ್ನು ರೆಕಾರ್ಡ್ ಹಾಕಿ ಕೇಳಿ ಕೇಳಿಯೇ ಕಲಿತದ್ದು. ಅಕ್ಕಪಕ್ಕದವರಿಗೆ ಸದ್ದು ತಾಗಬಾರದೆಂದು ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳಲ್ಲಿ ಮೀಟಲು ಶುರು ಮಾಡಿದ ಎನ್ನುತ್ತಾರೆ. ಮುಂದೆ ಆ ಹೆಬ್ಬೆರಳಿನ ಮೆತ್ತನೆಯ ನಾದವೇ ಅವನ ಗುರುತಾಯಿತು. 1959ರಲ್ಲಿ ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವನ ವಾದನ ಕೇಳಿ ರಿವರ್‌ಸೈಡ್ ರೆಕಾರ್ಡ್ ಕಂಪನಿಗೆ ಹೇಳಿದ ಮೇಲೆಯೇ ಹೊರಗಿನ ಜಗತ್ತು ಅವನತ್ತ ತಿರುಗಿದ್ದು. ಆಗ ಅವನ ವಯಸ್ಸು 36.

ಹಾಗಾಗಿ ಇಪ್ಪತ್ತಕ್ಕೇ ವೀಸಾ ಸಿಗಲಿಲ್ಲವೆಂದು ಕೊರಗಬೇಡಿ. ಜನರಲ್ ಪಾಳಿ ಮುಗಿಸಿ ಬಂದು, ಮುಖ ತೊಳೆದು, ಊಟಕ್ಕೆ ಮೊದಲು ಒಂದು ತಾಸು. ರಾತ್ರಿ ಪಾಳಿಯಿದ್ದರೆ ಎದ್ದ ಕೂಡಲೇ ಒಂದು ತಾಸು. ಹೊತ್ತು ಬದಲಾದರೂ ರಿಯಾಜ್ ತಪ್ಪಬಾರದು.

3. ಯಾರೋ ನಗುತ್ತ ಕೊಟ್ಟದ್ದನ್ನೂ ಗಂಭೀರವಾಗಿ ಕೇಳಿ

ರುದ್ರೇಶ್ ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಕಾಲದ ಮಾತು. ಅಣ್ಣ ತಮಾಷೆಗೆಂದು ಒಂದು ಆಲ್ಬಂ ಕೊಟ್ಟ. ಹೆಸರು ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ನುಡಿಸಿದವರು ನಮ್ಮ ಕದ್ರಿ ಗೋಪಾಲನಾಥ್. ತಮಾಷೆಗೆ ಬಂದ ಆ ಆಲ್ಬಂ ರುದ್ರೇಶರ ಕಿವಿ ತೆರೆಸಿತು. ತಾನು ಹಿಡಿದ ವಾದ್ಯದಲ್ಲೇ ಇಷ್ಟೊಂದು ಗಮಕ, ಇಷ್ಟೊಂದು ಜಾರು ಸಾಧ್ಯವಿದೆ ಎಂದು ಅಮೆರಿಕದಲ್ಲಿ ಬೆಳೆದ ಆ ಹುಡುಗನಿಗೆ ತೋರಿಸಿಕೊಟ್ಟವರು ದಕ್ಷಿಣ ಕನ್ನಡದ ಸಜೀಪದವರು.

ಮುಂದೆ ರುದ್ರೇಶ್ ಕದ್ರಿಯವರನ್ನು ಹುಡುಕಿಕೊಂಡು ಬಂದರು, ಜೊತೆಗೆ ಕೂತು ಕಲಿತರು, ಇಬ್ಬರೂ ಸೇರಿ ನುಡಿಸುವ ಸಂಗೀತ ಬರೆದರು. 2008ರಲ್ಲಿ ಬಂದ ‘ಕಿನ್ಸ್‌ಮೆನ್’ ಆಲ್ಬಂ ಅದರ ಫಲ. ಎರಡು ಸ್ಯಾಕ್ಸೋಫೋನ್, ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯ ಗಿಟಾರ್. ಗಿಟಾರ್ ಕಲಿಯುವವರು ಈ ಆಲ್ಬಂ ತಪ್ಪದೆ ಕೇಳಬೇಕು. ಪಿಟೀಲು, ಮೃದಂಗಗಳ ನಡುವೆ ಗಿಟಾರ್ ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅಬ್ಬಾಸಿ ಅದರಲ್ಲಿ ನುಡಿಸಿಯೇ ತೋರಿಸಿದ್ದಾರೆ.

4. ವಾದ್ಯ ಬಗ್ಗದಿದ್ದರೆ ಬಗ್ಗಿಸಿ

ಕದ್ರಿಯವರ ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಮಗನಿಗೆ ಅದರ ಹುಚ್ಚು ಹಿಡಿಯಿತು. ಕರ್ನಾಟಕ ಸಂಗೀತದ ಗಮಕ ಆ ವಾದ್ಯದಲ್ಲಿ ಬರುವುದಿಲ್ಲ ಎಂದವರೇ ಹೆಚ್ಚು. ಅವರು ವರ್ಷಗಟ್ಟಲೆ ಕೂತು ಉಸಿರು, ತುಟಿ, ಬೆರಳು ಮೂರನ್ನೂ ಪಳಗಿಸಿದರು, ವಾದ್ಯದ ಕೀಲಿಗಳನ್ನೂ ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. 1980ರಲ್ಲಿ ಬೊಂಬಾಯಿಯ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ, ಕದ್ರಿಯವರ ವಾದನ ಕೇಳಿ ಜೊತೆಗೆ ನುಡಿಸಲು ವೇದಿಕೆಗೆ ಕರೆದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಪ್ರಾಮ್ಸ್ ಉತ್ಸವ, 2004ರಲ್ಲಿ ಪದ್ಮಶ್ರೀ.

ಗಿಟಾರ್‌ನ ತೊಡಕು ಫ್ರೆಟ್. ಸ್ವರಗಳ ನಡುವೆ ಗೋಡೆ ಎಬ್ಬಿಸಿದ ವಾದ್ಯ ಅದು. ತಂತಿ ಎಳೆದು ಮೀಂಡ್ ತೆಗೆಯುವುದು ಒಂದು ದಾರಿ, ಜಾರಿಸುವುದು ಇನ್ನೊಂದು. ಶಕ್ತಿ ತಂಡದ ಕಾಲದಲ್ಲಿ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಫ್ರೆಟ್‌ಗಳ ನಡುವಿನ ಮರವನ್ನೇ ಕೊರೆಸಿ, ಅಡ್ಡಲಾಗಿ ಅನುರಣನದ ತಂತಿಗಳನ್ನು ಹಾಕಿಸಿ, ಹೊಸ ಗಿಟಾರ್ ಮಾಡಿಸಿಕೊಂಡರು. ನಿಮ್ಮ ಬಳಿ ಅಗ್ಗದ ಗಿಟಾರ್ ಇದ್ದರೂ ತೆಳುವಾದ ತಂತಿ ಹಾಕಿ ದಿನಾ ಒಂದು ರಾಗದ ಆರೋಹಣವನ್ನು ಮೀಂಡ್‌ನಲ್ಲೇ ನುಡಿಸಿ. ಒಂದು ಫ್ರೆಟ್ ಮೇಲೆ ಬೆರಳಿಟ್ಟು ಮೂರು ಸ್ವರ ಶುದ್ಧವಾಗಿ ಎಳೆಯುವಷ್ಟು ಬಲ ಬರಲಿ.

5. ತಾಳ ಕೈಯಲ್ಲಿರಲಿ

ಅಬ್ಬಾಸಿ ಗಿಟಾರ್ ವಾದಕರಾಗಿದ್ದೂ ಭಾರತಕ್ಕೆ ಬಂದು ತಬಲಾ ವಾದಕ ಉಸ್ತಾದ್ ಅಲ್ಲಾರಖಾ ಅವರ ಬಳಿ ಲಯದ ಪಾಠ ಹೇಳಿಸಿಕೊಂಡರು. ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಗಾಯಕಿ ಆರ್.ಎ. ರಮಾಮಣಿ ಮತ್ತು ಬಾಸ್ಟನ್ ಮೂಲದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಸೇರಿ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಂ ಮಾಡಿದರು. ಯುರೋಪಿನ ಪ್ರತಿಷ್ಠಿತ ಇಸಿಎಂ ಸಂಸ್ಥೆ ಅದನ್ನು ಹೊರತಂದಿತು. ಹೊರಗಿನ ಜಾಝ್ ವಾದಕರು ನಮ್ಮಿಂದ ಲಯವನ್ನು ಕೇಳಿ ಪಡೆದಿದ್ದಾರೆ.

ನಮ್ಮ ಭಾಗದ ಎಷ್ಟೋ ಮಕ್ಕಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಗಾಯನ, ತಬಲಾ ಕಲಿತು ಬಂದಿದ್ದಾರೆ. ನಿಮ್ಮೂರಲ್ಲೇ ಅಂಥ ಒಬ್ಬ ಗವಾಯಿಗಳು ಇರಬಹುದು. ಗಿಟಾರ್ ಬದಿಗಿಟ್ಟು ಅವರ ಮುಂದೆ ಕೂತು ಝಪತಾಲ, ರೂಪಕ, ದೀಪಚಂದಿಗಳನ್ನು ಕೈಯಲ್ಲಿ ಎಣಿಸಲು ಕಲಿಯಿರಿ. ಐದು, ಏಳು, ಒಂಬತ್ತರ ಲೆಕ್ಕ ನಿದ್ದೆಯಲ್ಲೂ ತಪ್ಪದಿದ್ದರೆ ನ್ಯೂಯಾರ್ಕ್‌ನ ಡ್ರಮ್ಮರ್‌ಗೆ ಹೆದರಬೇಕಾಗಿಲ್ಲ.

6. ಓದಲು ಬರೆಯಲು ಕಲಿಯಿರಿ

ವೆಸ್ ಮಾಂಟ್ಗೊಮರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಆ ಮಾತನ್ನು ನೆಪ ಮಾಡಿಕೊಳ್ಳಬೇಡಿ. ಇಂದು ಹೊರದೇಶದಲ್ಲಿ ರೆಕಾರ್ಡಿಂಗ್‌ಗೆ ಕರೆದರೆ ಕೈಗೆ ಹಾಳೆ ಕೊಟ್ಟು ನುಡಿಸಿ ಎನ್ನುತ್ತಾರೆ. ಸಂಯೋಜಕನಾಗಬೇಕಾದವನು ತನ್ನ ಮನಸ್ಸಿನ ಸಂಗೀತವನ್ನು ಕನ್ನಡ ಬಾರದ ಬಾಸ್ ವಾದಕನ ಮುಂದೆ ಬರೆದಿಡಬೇಕು. ಭಾತಖಂಡೆ ಸ್ವರಲಿಪಿ ಗೊತ್ತಿದ್ದರೆ ಒಳ್ಳೆಯದೇ, ಐದು ಗೆರೆಯ ಪಾಶ್ಚಾತ್ಯ ಲಿಪಿಯನ್ನೂ ಸೇರಿಸಿಕೊಳ್ಳಿ. ಒಂದೇ ಹಾಡನ್ನು ಹನ್ನೆರಡೂ ಶ್ರುತಿಯಲ್ಲಿ ನುಡಿಸುವ ಅಭ್ಯಾಸವಿರಲಿ. ರುದ್ರೇಶ್ ಕೂಡ ನಾರ್ತ್ ಟೆಕ್ಸಸ್, ಬರ್ಕ್ಲಿ, ಆಮೇಲೆ ಶಿಕಾಗೊದ ಡಿಪಾಲ್ ಅಂತ ವರ್ಷಗಟ್ಟಲೆ ಓದಿಯೇ ನ್ಯೂಯಾರ್ಕ್ ಸೇರಿದರು.

7. ಮನೆಯ ಮಾತಿನಲ್ಲಿ ರಾಗ ಹುಡುಕಿ

ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದೇ ದೊಡ್ಡ ಸೂತ್ರ.

ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದವರಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತಿತ್ತು: ನೀವು ‘ಇಂಡಿಯನ್’ ಮಾತಾಡ್ತೀರಾ, ‘ಹಿಂದೂ’ ಮಾತಾಡ್ತೀರಾ? ಅಂಥ ಒಂದು ಭಾಷೆಯೇ ಇಲ್ಲ ಎಂದು ಉತ್ತರ ಹೇಳಿ ಹೇಳಿ ಎಲ್ಲರೂ ಬೇಸತ್ತಿದ್ದರು. ರುದ್ರೇಶ್ ಆ ಬೇಸರವನ್ನೇ ಸಂಗೀತ ಮಾಡಿದರು. ಬೇರೆ ಬೇರೆ ಭಾಷೆಯವರಿಂದ ಅದೇ ಪ್ರಶ್ನೆಗೆ ಅವರವರ ನುಡಿಯಲ್ಲಿ ಉತ್ತರ ಪಡೆದು ಧ್ವನಿಮುದ್ರಿಸಿಕೊಂಡರು. ಆ ಮಾತಿನ ಏರಿಳಿತ, ಓಟ, ನಿಲುಗಡೆಗಳನ್ನು ಸ್ವರಗಳಾಗಿ ಬರೆದುಕೊಂಡು ಅದರ ಮೇಲೆ ಜಾಝ್ ಕಟ್ಟಿದರು. 2004ರಲ್ಲಿ ‘ಮದರ್ ಟಂಗ್’ ಆಲ್ಬಂ ಬಂತು. ಅದರಲ್ಲಿನ ಹಲವು ಕೃತಿಗಳಿಗೆ ಭಾಷೆಗಳದ್ದೇ ಹೆಸರು: ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳಂ. ಒಂದರ ಹೆಸರು ‘ಕನ್ನಡ’. ನ್ಯೂಯಾರ್ಕ್‌ನ ಜಾಝ್ ಆಲ್ಬಮ್ಮಿನಲ್ಲಿ ಆ ಹೆಸರು ಓದಿದಾಗ ಎದೆ ತುಂಬಿ ಬಂತು.

ಈಗ ನಮ್ಮ ಕಡೆಯ ಮಾತು ನೋಡಿ. ಎಷ್ಟು ಶ್ರೀಮಂತ ಗಣಿ! “ಎಲ್ಲಿಗ್ ಹೊಂಟೀರಿ, ಒಂದಿಷ್ಟು ಕುಂದ್ರಿ” ಎನ್ನುವ ಒಂದು ಸಾಲಿನಲ್ಲಿ ಏರು, ಇಳಿ, ಎಳೆತ ಎಲ್ಲವೂ ಇದೆ. ಸೇಡಂ ಬಜಾರಿನಲ್ಲಿ ಕನ್ನಡಕ್ಕೆ ತೆಲುಗು ಬೆರೆಯುತ್ತದೆ, ಶಹಾಬಾದಿನಲ್ಲಿ ಉರ್ದು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ. ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮ್ ಮೇಲೆ ಅರ್ಧ ತಾಸು ನಿಂತರೆ ಇವೆಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ.

ಮಾಡಬೇಕಾದದ್ದು ಇಷ್ಟು. ಅಜ್ಜಿಯನ್ನೋ ಅವ್ವನನ್ನೋ ಕೇಳಿ, ಒಪ್ಪಿಗೆ ಪಡೆದು, ತೊಗರಿ ರಾಶಿಯ ಬಗ್ಗೆ, ಜಾತ್ರೆಯ ಬಗ್ಗೆ ಒಂದು ನಿಮಿಷ ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಒಂದೇ ವಾಕ್ಯ ಆಯ್ದುಕೊಂಡು ಮತ್ತೆ ಮತ್ತೆ ಹಾಕಿ ಕೇಳಿ. ಅದೇ ಏರಿಳಿತವನ್ನು ಒಂದೇ ತಂತಿಯ ಮೇಲೆ ಹುಡುಕಿ. ಮಾತು ಉಸಿರಿಗೆ ನಿಂತಲ್ಲಿ ನೀವೂ ನಿಲ್ಲಿ. ಆಮೇಲೆ ಕೆಳಗೆ ಎರಡು ಕಾರ್ಡ್ ಇಟ್ಟು ನೋಡಿ. ಬರುವ ಸಾಲು ಯಾವ ಅಮೆರಿಕನ್ ಪುಸ್ತಕದಲ್ಲೂ ಇರುವುದಿಲ್ಲ. ಅದು ನಿಮ್ಮದು.

ಇದನ್ನೇ ಹಾಡಿಗೂ ಮಾಡಬಹುದು. ಕಡಕೋಳ ಮಡಿವಾಳಪ್ಪನವರಿಂದ ಹರಿದು ಬಂದ ತತ್ವಪದ ನಮ್ಮ ಜಿಲ್ಲೆಯ ದೊಡ್ಡ ಆಸ್ತಿ. ಏಕತಾರಿಯ ಒಂದೇ ಸ್ವರದ ಮೇಲೆ ರಾತ್ರಿಯಿಡೀ ಹಾಡುವ ಭಜನೆಯವರಿಗೆ ಒಂದೇ ಕಾರ್ಡಿನ ಮೇಲೆ ಹತ್ತು ನಿಮಿಷ ಸೋಲೋ ನುಡಿಸುವುದು ಹೊಸದೇನೂ ಅಲ್ಲ. ಕಲಬುರಗಿಯ ಬಂದೇನವಾಜ್ ದರ್ಗಾದ ಉರುಸಿಗೆ ಹೋಗಿ ಕವ್ವಾಲಿ ಕೇಳಿ. ರೆಜ್ ಅಬ್ಬಾಸಿ 2011ರಲ್ಲಿ ತಂದ ‘ಸುನೋ ಸುನೋ’ ಆಲ್ಬಂಗೆ ಕವ್ವಾಲಿಯೇ ಪ್ರೇರಣೆ. ಅಲ್ಲಿಯೂ ಸ್ಯಾಕ್ಸೋಫೋನ್ ಹಿಡಿದವರು ರುದ್ರೇಶ್.

8. ಗುರುವನ್ನು ಅರಗಿಸಿಕೊಳ್ಳಿ, ಅನುಕರಿಸಬೇಡಿ

ರುದ್ರೇಶರಿಗೆ ಹಿರಿಯ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಮೇಲೆ ಅಪಾರ ಪ್ರೀತಿ. ಆದರೆ 2015ರ ‘ಬರ್ಡ್ ಕಾಲ್ಸ್’ ಆಲ್ಬಮ್ಮಿನಲ್ಲಿ ಪಾರ್ಕರ್‌ನ ಒಂದು ಹಾಡೂ ಇದ್ದಂತೆ ಇಲ್ಲ. ಅವನ ರಾಗಸಾಲುಗಳ ತುಣುಕು ಹಿಡಿದು, ಲಯ ಬದಲಿಸಿ, ಉದ್ದ ಹಿಗ್ಗಿಸಿ ಹೊಸ ಕೃತಿಗಳನ್ನು ಕಟ್ಟಿದ್ದಾರೆ. ಪಾರ್ಕರ್‌ನ ‘ಸ್ಟೀಪಲ್‌ಚೇಸ್’ ಅವರ ಕೈಯಲ್ಲಿ ‘ಗೋಪುರಂ’ ಆಗಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿ, ಸಂಯೋಜನೆಯ ಅರ್ಧ ಪಾಠ ಅಲ್ಲೇ ಆಗುತ್ತದೆ.

9. ಹಣೆಪಟ್ಟಿ ಅಂಟಿಸಿಕೊಳ್ಳಬೇಡಿ

ಹೊರಗೆ ಹೋದ ಕೂಡಲೇ ನಿಮ್ಮ ಮುಖ ನೋಡಿ ಸಿತಾರ್ ಗೊತ್ತಾ, ರಾಗ ಗೊತ್ತಾ ಎಂದು ಕೇಳುತ್ತಾರೆ. ರುದ್ರೇಶರನ್ನೂ ಹೀಗೇ ಕೇಳಿದರು. ಭಾರತದ ಮುಖವಿದ್ದರೆ ಭಾರತದ ಸಂಗೀತ ಗೊತ್ತಿರಲೇಬೇಕೆಂಬ ಗ್ರಹಿಕೆ ಅದು. ಅವರು ಅವಸರಪಡಲಿಲ್ಲ. ಮೊದಲು ಜಾಝ್ ಗಟ್ಟಿ ಮಾಡಿಕೊಂಡರು, ಕರ್ನಾಟಕ ಸಂಗೀತವನ್ನು ಕೂತು ಕಲಿತ ಮೇಲೆಯೇ ಅದನ್ನು ತಮ್ಮ ಸಂಗೀತದೊಳಗೆ ಬಿಟ್ಟುಕೊಂಡರು. ಗೊತ್ತಿಲ್ಲದ ರಾಗವನ್ನು ಅಲಂಕಾರಕ್ಕೆ ಮೇಲೆ ಸಿಂಪಡಿಸಿ ಮಾರಿದರೆ ಒಂದೆರಡು ಕಾರ್ಯಕ್ರಮ ಸಿಗಬಹುದು, ಮರ್ಯಾದೆ ಸಿಗದು. ರುದ್ರೇಶರ ‘ಕೋಡ್‌ಬುಕ್’ ಆಲ್ಬಂ ಗುಪ್ತಲಿಪಿಯ ಗಣಿತದ ಸುತ್ತ ಹೆಣೆದದ್ದು. ನಿಮಗೆ ಗಣಿತ ಇಷ್ಟವಿದ್ದರೆ ಗಣಿತವೂ ನಿಮ್ಮ ಸಂಗೀತಕ್ಕೆ ಬರಲಿ.

10. ಜೊತೆಗಾರರನ್ನು ಬೇಗ ಹುಡುಕಿ, ಬಹುಕಾಲ ಉಳಿಸಿಕೊಳ್ಳಿ

ಪಿಯಾನೊ ವಾದಕ ವಿಜಯ್ ಅಯ್ಯರ್ ಮತ್ತು ರುದ್ರೇಶ್ ಭೇಟಿಯಾದದ್ದು 1990ರ ದಶಕದ ನಡುವೆ, ಇಬ್ಬರೂ ಅಷ್ಟೇನೂ ಹೆಸರಿಲ್ಲದ ಹುಡುಗರಾಗಿದ್ದಾಗ. ಒಬ್ಬರ ತಂಡದಲ್ಲಿ ಇನ್ನೊಬ್ಬರು ನುಡಿಸುತ್ತ ಇಬ್ಬರೂ ಮೇಲೆ ಬಂದರು. ರುದ್ರೇಶ್, ಅಬ್ಬಾಸಿ, ತಬಲಾ ನುಡಿಸುವ ಅಮೆರಿಕನ್ ಡ್ರಮ್ಮರ್ ಡ್ಯಾನ್ ವೈಸ್ ಮೂವರೂ ಸೇರಿ ‘ಇಂಡೋ-ಪಾಕ್ ಕೊಅಲಿಶನ್’ ಕಟ್ಟಿದರು. 2008ರಲ್ಲಿ ‘ಆಪ್ತಿ’, 2017ರಲ್ಲಿ ‘ಅಗ್ರಿಮ’. ಎರಡು ಆಲ್ಬಂ ನಡುವೆ ಒಂಬತ್ತು ವರ್ಷ ಕಳೆದರೂ ಸ್ನೇಹ ಮುರಿಯಲಿಲ್ಲ.

ವಾಡಿಯಿಂದ ರೈಲು ಹತ್ತಿದರೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಮೊದಲ ತಂಡ ಅಲ್ಲಿ ಹುಡುಕಿ. ಅದಕ್ಕೂ ಮೊದಲು ನಿಮ್ಮೂರ ಮದುವೆ ಬ್ಯಾಂಡಿನ ಕ್ಲಾರಿಯೊನೆಟ್ ನುಡಿಸುವವರನ್ನು ಮಾತಾಡಿಸಿ. ಉರಿಬಿಸಿಲಲ್ಲಿ ನಡೆಯುತ್ತ ತಾಸುಗಟ್ಟಲೆ ಊದುವ ಅವರ ದಮ್ಮು, ನೆನಪಿನ ಶಕ್ತಿ ಎರಡಕ್ಕೂ ತಲೆಬಾಗಬೇಕು.

11. ಸಂಯೋಜನೆಯ ಹಕ್ಕು ಬರೆದುಕೊಡಬೇಡಿ

ಧ್ವನಿಮುದ್ರಿಸಿದ ದಿನಾಂಕ, ಬರೆದ ಹಾಳೆ, ಜೊತೆಗಿದ್ದವರ ಹೆಸರು ಎಲ್ಲವನ್ನೂ ಕಾಪಾಡಿ. ಭಾರತದಲ್ಲಿ ಸಂಯೋಜಕನ ಹಕ್ಕು ಅವನ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ. 2012ರ ಕಾಯ್ದೆ ತಿದ್ದುಪಡಿಯ ನಂತರ ಸಿನಿಮಾಕ್ಕೆ ಮಾಡಿದ ಸಂಗೀತ ಚಿತ್ರಮಂದಿರದ ಹೊರಗೆ ಬಳಕೆಯಾದಾಗಲೂ ರಾಯಧನದಲ್ಲಿ ಪಾಲು ಕೇಳುವ ಹಕ್ಕು ಸಂಯೋಜಕನಿಗಿದೆ. ರಾಯಧನ ವಸೂಲಿ ಮಾಡಿ ಸದಸ್ಯರಿಗೆ ಹಂಚಲು 1969ರಲ್ಲಿ ಶುರುವಾದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಪಡೆಯಿರಿ. ಅಮೆರಿಕದಲ್ಲಿ ಆಸ್ಕ್ಯಾಪ್, ಬಿಎಂಐ ಇದೇ ಕೆಲಸ ಮಾಡುತ್ತವೆ.

12. ಆದಾಯ ನಾಲ್ಕು ಕಡೆಯಿಂದ ಬರಲಿ

ವೇದಿಕೆ ಒಂದನ್ನೇ ನಂಬಿ ಹೊರದೇಶದಲ್ಲಿ ಬದುಕುವ ಜಾಝ್ ವಾದಕರು ಬಹಳ ಕಡಿಮೆ. ಕಾರ್ಯಕ್ರಮ, ಸಂಯೋಜನೆಗೆ ಮುಂಗಡ ಕೊಡುವ ಸಂಸ್ಥೆಗಳು, ರಾಯಧನ, ಬೋಧನೆ ಎಲ್ಲ ಸೇರಿದರೆ ಸಂಸಾರ ನಡೆಯುತ್ತದೆ. ರುದ್ರೇಶರಿಗೆ 2007ರಲ್ಲಿ ಗುಗ್ಗೆನ್‌ಹೈಮ್ ಫೆಲೋಶಿಪ್ ಸಿಕ್ಕಿತು. ಆ ನೆರವಿನಲ್ಲಿ ಭಾರತಕ್ಕೆ ಬಂದು ಅಧ್ಯಯನ ಮಾಡಿ ‘ಸಂಧಿ’ ಆಲ್ಬಂ ಕಟ್ಟಿದರು. ಡೌನ್‌ಬೀಟ್ ಪತ್ರಿಕೆಯ ವಿಮರ್ಶಕರು ಹಲವು ಸಲ ವರ್ಷದ ಆಲ್ಟೊ ಸ್ಯಾಕ್ಸೋಫೋನ್ ವಾದಕನೆಂದು ಆರಿಸಿದ ಈ ಕಲಾವಿದ 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾಝ್ ವಿಭಾಗದ ನಿರ್ದೇಶಕರು. ಪಾಠ ಹೇಳುವುದನ್ನು ಕೀಳೆಂದು ತಿಳಿಯಬೇಡಿ. ಓಣಿಯ ಇಬ್ಬರು ಮಕ್ಕಳಿಗೆ ಈಗಲೇ ಕಲಿಸಲು ಕೂರಿಸಿಕೊಳ್ಳಿ, ನಿಮ್ಮ ಕೈಯ ತಪ್ಪು ನಿಮಗೇ ಕಾಣುತ್ತದೆ.

ಇದೇ ಹೊತ್ತಿಗೆ ಒಂದು ಫೈಲ್ ಶುರು ಮಾಡಿ. ಪೋಸ್ಟರ್, ಪತ್ರಿಕೆಯ ಕಟಿಂಗ್, ಒಪ್ಪಂದದ ಪ್ರತಿ, ಹಿರಿಯರ ಪತ್ರ ಎಲ್ಲ ಅದರಲ್ಲಿರಲಿ. ಕಲಾವಿದರಿಗೆ ಅಮೆರಿಕ ಕೊಡುವ ಒ-1 ವೀಸಾಕ್ಕೆ ಅಲ್ಲಿಯ ಸಂಸ್ಥೆ ಅಥವಾ ಏಜೆಂಟ್ ನಿಮ್ಮ ಪರ ಅರ್ಜಿ ಹಾಕಬೇಕು, ನಿಮ್ಮ ಸಾಧನೆಗೆ ಕಾಗದದ ಪುರಾವೆ ಬೇಕು.

13. ಮರ ನೋಡಿಕೊಳ್ಳಿ, ಕಾಗದ ನೋಡಿಕೊಳ್ಳಿ

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮಾಳಿಗೆಯ ಕೋಣೆಯಲ್ಲಿ ಗಿಟಾರ್ ನೇತುಹಾಕಿದರೆ ಅಂಟು ಬಿಡುತ್ತದೆ, ಮರ ಸೀಳುತ್ತದೆ. ಕೇಸ್‌ನಲ್ಲಿಟ್ಟು, ಫರ್ಶಿ ಹಾಸಿದ ತಂಪು ಒಳಮನೆಯಲ್ಲಿಡಿ. ಸಿಮೆಂಟ್ ಧೂಳಿರುವ ಕಡೆ ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಲ್ಲಿ ಒರೆಸಿ.

ಒಳ್ಳೆಯ ಗಿಟಾರ್ ಕೊಂಡಾಗ ಅದರ ಹಿಂಭಾಗ ಯಾವ ಮರದ್ದು ಎಂದು ಕೇಳಿ. ಬಹಳಷ್ಟು ಸಲ ಅದು ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ಮರ ಬಿಟ್ಟು ಭಾರತದ ಬೀಟೆಗೆ ಬಂತು. ಈ ಮರದ ಜಾತಿಗೆ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧವಿದೆ. 2017ರಿಂದ 2019ರವರೆಗೆ ಸಿದ್ಧ ವಾದ್ಯಗಳನ್ನು ಗಡಿಯಾಚೆ ಮಾರಲು ಸಾಗಿಸಲು ಕೂಡ ಪರವಾನಗಿ ಬೇಕಿತ್ತು, ಆಮೇಲೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ದುಬಾರಿ ವಾದ್ಯದ ರಸೀದಿ ಜೋಪಾನ ಮಾಡಿ. ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಂಡರೆ ವಾಪಸ್ ಬರುವಾಗ ಅದೇ ಗಿಟಾರ್‌ಗೆ ಸುಂಕ ಕೇಳುವ ತಕರಾರು ಬರುವುದಿಲ್ಲ. ಕೇಸ್ ಗಟ್ಟಿಯದಿರಲಿ, ವಾದ್ಯದ ಕೊರಳಿನ ಕೆಳಗೆ ಮೆತ್ತಗೆ ಬಟ್ಟೆ ತುಂಬಿ, ತಂತಿ ಸ್ವಲ್ಪ ಸಡಿಲಿಸಿ. ಹೆಚ್ಚುವರಿ ತಂತಿಯ ಎರಡು ಸೆಟ್ ಜೊತೆಗಿರಲಿ.